1500ಡಿ ಸಾಕಾ, 90ಡಿ ಬೇಕಾ, ತಮ್ಮನ ಹಳೇ 6ಡಿ ತಗೊಳ್ಳಲಾ?

ಪ್ರಶ್ನೆ: ನಾನು ಚಿತ್ರದುರ್ಗದಲ್ಲಿ ಕಾಲೇಜು ಉಪನ್ಯಾಸಕಿ. ಇಲ್ಲೀವರೆಗೂ ಫೋನಿನಲ್ಲೇ ಕೋಟೆ, ಚಂದ್ರವಳ್ಳಿ, ಜೋಗಿಮಟ್ಟಿ ಅಂತ ಫೋಟೋ ತೆಗೆದುಕೊಂಡು ಬಂದಿದ್ದೇನೆ. ಈಗ ಒಂದು ಡಿಎಸ್‌ಎಲ್‌ಆರ್‌ಗೆ ಅಂತ 80 ಸಾವಿರ ಕೂಡಿಟ್ಟಿದ್ದೇನೆ. ಅಂಗಡಿಯವರು ಕ್ಯಾನನ್ 1500ಡಿ ಎರಡು ಲೆನ್ಸಿನ ಕಿಟ್ ತೋರಿಸಿ "ಕಲಿಯೋರಿಗೆ ಇದೇ ಸಾಕು ಮೇಡಂ" ಅಂದರು. ನಮ್ಮ ಚಿಕ್ಕಪ್ಪನ ಮಗ ದಾವಣಗೆರೆಯಲ್ಲಿ ಮದುವೆ ಫೋಟೋ ತೆಗೆಯುತ್ತಾನೆ. ಅವನು "ಅಕ್ಕ, ಅದು ಆಟದ ಸಾಮಾನು, ಆರು ತಿಂಗಳಿಗೆ ಬೇಜಾರಾಗುತ್ತೆ. ತಗೊಂಡರೆ 90ಡಿ ತಗೋ, ಇಲ್ಲಾ ನನ್ನ ಹಳೇ 6ಡಿ ಕೊಡ್ತೀನಿ, ಫುಲ್ ಫ್ರೇಮು" ಅಂತಾನೆ. ಮನೆಯವರಿಗೆ ಫೋನೇ ಸಾಕು ಅನ್ನಿಸಿದೆ. ನನಗೆ ಕೋಟೆ, ಹಕ್ಕಿ, ಮನೆಯ ಕಾರ್ಯಕ್ರಮ ಮೂರೂ ತೆಗೆಯುವ ಆಸೆ. ಮುಂದೆ ಸಣ್ಣಪುಟ್ಟ ಕಾರ್ಯಕ್ರಮ ದುಡ್ಡಿಗೆ ತೆಗೆದುಕೊಟ್ಟರೂ ಆದೀತು. ಕಮ್ಮಿದು ತಗೊಂಡು ಆಮೇಲೆ ಪಶ್ಚಾತ್ತಾಪ ಪಡೋದು ಬೇಡ, ಜಾಸ್ತಿದು ತಗೊಂಡು ಬೀರುವಿನಲ್ಲಿ ಇಡೋದೂ ಬೇಡ. ಏನು ಮಾಡಲಿ?

ಉತ್ತರ: ಮೇಡಂ, ನಿಮ್ಮ ಕಾಗದದಲ್ಲಿ ಎರಡು ಭಯ ಇವೆ. ಅಗ್ಗದ ಕ್ಯಾಮೆರಾ ತಗೊಂಡರೆ ಫೋಟೋ ಕೆಟ್ಟದಾಗಿ ಬರುತ್ತೇನೋ ಅನ್ನೋದು ಒಂದು. ದುಬಾರಿದು ತಗೊಂಡರೆ ನನ್ನ ಕೈಗೆ ಒಗ್ಗುತ್ತೋ ಇಲ್ಲವೋ ಅನ್ನೋದು ಇನ್ನೊಂದು. ಮೊದಲನೆಯದನ್ನು ಬಿಟ್ಟುಬಿಡಿ. ಎರಡನೆಯದು ಸ್ವಲ್ಪ ನಿಜ, ಆದರೆ ಅದು ದೊಡ್ಡ ವಿಷಯ ಅಲ್ಲ. ನೀವು ಕೇಳದೇ ಬಿಟ್ಟ ಮೂರನೇ ಪ್ರಶ್ನೆಯೇ ಇಲ್ಲಿ ಮುಖ್ಯ. 80 ಸಾವಿರದಲ್ಲಿ ಬರೀ ಕ್ಯಾಮೆರಾಕ್ಕೆ (ನಾವು 'ಬಾಡಿ' ಅನ್ನೋದು ಇದಕ್ಕೇ) ಎಷ್ಟು, ಲೆನ್ಸಿಗೆ ಎಷ್ಟು?

ದಾವಣಗೆರೆಯ ನನ್ನ ಸರ್ವಿಸ್ ಟೇಬಲ್ ಮೇಲೆ ಬರುವ ಕ್ಯಾಮೆರಾಗಳನ್ನು ನೋಡಿದರೆ ಒಂದು ಮಾತು ಹೇಳಬಹುದು. ಬಾಡಿ ದೊಡ್ಡದು, ಲೆನ್ಸು ಕಿಟ್ಟಿನ ಜೊತೆ ಬಂದ 18-55 ಎಂಎಂ (ಈ ಅಂಕೆ ಜಾಸ್ತಿ ಆದಷ್ಟು ದೂರದ್ದು ಹತ್ತಿರ ಕಾಣುತ್ತದೆ). ಹತ್ತರಲ್ಲಿ ಏಳೆಂಟು ಹೀಗೇ ಇರುತ್ತವೆ. ತಂದವರ ದೂರೂ ಒಂದೇ: "ಸಾರ್, ಇಷ್ಟು ದುಡ್ಡು ಹಾಕಿದ್ರೂ ಛತ್ರದೊಳಗೆ ಫೋಟೋ ಮಂಕಾಗಿ ಬರುತ್ತೆ." ಕ್ಯಾಮೆರಾದಲ್ಲಿ ಏನೂ ಕೆಟ್ಟಿರುವುದಿಲ್ಲ.

ಇದು ಯಾಕೆ ಅಂತ ಲೆಕ್ಕದಲ್ಲೇ ಹೇಳುತ್ತೇನೆ. 18-55 ಲೆನ್ಸನ್ನು ಪೂರ್ತಿ ಜೂಮ್ ಮಾಡಿದಾಗ ಅದರ ಅಪರ್ಚರ್, ಅಂದರೆ ಬೆಳಕು ಬಿಡುವ ಕಿಂಡಿ, ಎಫ್5.6. ಎಫ್ ಮುಂದಿನ ಅಂಕೆ ಚಿಕ್ಕದಾದಷ್ಟು ಕಿಂಡಿ ದೊಡ್ಡದು. ಕ್ಯಾನನ್‌ನ 50 ಎಂಎಂ ಎಫ್1.8 ಲೆನ್ಸು ಅದಕ್ಕಿಂತ ಸುಮಾರು 10 ಪಟ್ಟು ಬೆಳಕು ಒಳಗೆ ಬಿಡುತ್ತದೆ. ಕಿಟ್ ಲೆನ್ಸಿನಲ್ಲಿ ಐಎಸ್‌ಒ 6400 (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆಯ ಅಳತೆ, ಏರಿಸಿದಷ್ಟು ಚಿತ್ರ ಕೆಡುತ್ತದೆ) ಬೇಕಾದ ಜಾಗದಲ್ಲಿ ಇದಕ್ಕೆ 640 ಸಾಕು. ಈಗ ಫುಲ್ ಫ್ರೇಮ್, ಅಂದರೆ ಹಳೇ 35 ಎಂಎಂ ಫಿಲ್ಮಿನಷ್ಟು ದೊಡ್ಡ ಸೆನ್ಸರ್, ನೋಡಿ. 1500ಡಿ, 90ಡಿಯಲ್ಲಿರುವ ಕ್ಯಾನನ್‌ನ ಸಣ್ಣ (ಕ್ರಾಪ್) ಸೆನ್ಸರಿಗಿಂತ ಅದರ ವಿಸ್ತೀರ್ಣ ಸುಮಾರು 2.6 ಪಟ್ಟು ದೊಡ್ಡದು. ಕತ್ತಲಲ್ಲಿ ಅದರಿಂದ ಆಗುವ ಲಾಭವೂ ಹೆಚ್ಚುಕಮ್ಮಿ ಅಷ್ಟೇ. ಅಂದರೆ ಒಂದು ಸಣ್ಣ ಪ್ರೈಮ್ (ಜೂಮ್ ಇಲ್ಲದ) ಲೆನ್ಸು ಕೊಡುವ ಬೆಳಕನ್ನು ದೊಡ್ಡ ಸೆನ್ಸರ್ ಒಂದರಿಂದಲೇ ಪಡೆಯಲು ಆಗುವುದಿಲ್ಲ.

ಇಲ್ಲೊಂದು ತಕರಾರು ಇದೆ, ಅದನ್ನೂ ಹೇಳಬೇಕು. ಎಫ್1.8ನಲ್ಲಿ ಹತ್ತಿರದಿಂದ ತೆಗೆದರೆ ಮದುಮಗಳ ಕಣ್ಣು ಶಾರ್ಪ್, ಪಕ್ಕದಲ್ಲೇ ಒಂದು ಹೆಜ್ಜೆ ಹಿಂದೆ ನಿಂತ ಮದುಮಗ ಮಂಜು ಮಂಜು. ಇಬ್ಬರೂ ಶಾರ್ಪ್ ಬೇಕಂದರೆ ಎಫ್2.8ಕ್ಕೋ 4ಕ್ಕೋ ಬರಬೇಕು. ಆಗ ಆ 10 ಪಟ್ಟು ನಾಲ್ಕಕ್ಕೋ ಎರಡಕ್ಕೋ ಇಳಿಯುತ್ತದೆ. ಆದರೂ ಕಿಟ್ ಲೆನ್ಸಿಗಿಂತ ಮೇಲೇ.

ಮೆಗಾಪಿಕ್ಸೆಲ್ ವಿಷಯ ಬೇಗ ಮುಗಿಸಿಬಿಡೋಣ. 1500ಡಿ 24.1, 90ಡಿ 32.5, ನಿಮ್ಮ ತಮ್ಮನ 6ಡಿ 20.2. ನಮ್ಮಲ್ಲಿ ಮದುವೆ ಆಲ್ಬಂ ಅಂದರೆ ಜಾಸ್ತಿ 12×36 ಇಂಚಿನ ಶೀಟು, ಒಂದೊಂದು ಪುಟ 12×18. ಆ ಪುಟ ತುಂಬ ಒಂದೇ ಫೋಟೋ 300 ಡಿಪಿಐನಲ್ಲಿ ಹಾಕಲು 5400×3600 ಪಿಕ್ಸೆಲ್ ಬೇಕು. 24 ಮೆಗಾಪಿಕ್ಸೆಲ್ ಕ್ಯಾಮೆರಾ ಕೊಡುವುದು 6000×4000. ವಾಟ್ಸಾಪಿಗೆ ಕಳಿಸುವವರು ಈ ಲೆಕ್ಕವನ್ನೂ ಹಾಕಬೇಕಾಗಿಲ್ಲ.

ಹಾಗಾದರೆ ದುಬಾರಿ ಬಾಡಿಯಲ್ಲಿ ಏನು ಜಾಸ್ತಿ ಸಿಗುತ್ತದೆ? ಬೆಳಗ್ಗೆ ಏಳು ಗಂಟೆಗೆ ಟ್ರೈಪಾಡ್ ಮೇಲೆ ಇಟ್ಟು, ಒಂದೇ ಲೆನ್ಸು ಹಾಕಿ, ಐಎಸ್‌ಒ 100ರಲ್ಲಿ ಒಂದೇ ಬಂಡೆಯನ್ನು 1500ಡಿ, 90ಡಿ ಎರಡರಲ್ಲೂ ತೆಗೆಯಿರಿ. ಪಕ್ಕ ಪಕ್ಕ ಇಟ್ಟರೆ ಯಾವುದು ಯಾವುದು ಅಂತ ಹೇಳಲು ನಾನೂ ಕಣ್ಣು ಕಿರಿದು ಮಾಡಬೇಕು. ಕೋಟೆ ಓಡಿಹೋಗಲ್ಲವಲ್ಲ. (ಟ್ರೈಪಾಡ್ ಅಂದಾಗ ನೆನಪಾಯಿತು, ದುರ್ಗದ ಕೋಟೆ ಕೇಂದ್ರ ಪುರಾತತ್ವ ಇಲಾಖೆಯದು. ಒಳಗೆ ಟ್ರೈಪಾಡ್ ಒಯ್ಯುವ ಮೊದಲು ಅನುಮತಿ ಕೇಳಿಕೊಳ್ಳಿ.) ವ್ಯತ್ಯಾಸ ಗೊತ್ತಾಗುವುದು ಎದುರಿಗಿರುವುದು ಅಲುಗಾಡಿದಾಗ, ಬೆಳಕು ಕೈಕೊಟ್ಟಾಗ, ಕೈಗೆ ಅವಸರ ಬಂದಾಗ.

ಧಾರೆಯ ಹೊತ್ತನ್ನೇ ತಗೊಳ್ಳಿ. ತಾಳಿ ಕಟ್ಟುವಾಗ ನಾಲ್ಕು ಕಡೆಯಿಂದ ಅಕ್ಷತೆ ಬೀಳುತ್ತದೆ, ಯಾರದೋ ಕೈ ಅಡ್ಡ ಬರುತ್ತದೆ, ವಿಡಿಯೋದವರ ಲೈಟು ಒಮ್ಮೆ ಈ ಕಡೆ, ಒಮ್ಮೆ ಆ ಕಡೆ. 1500ಡಿಯಲ್ಲಿ 9 ಫೋಕಸ್ ಪಾಯಿಂಟ್ ಇವೆ. ಅವುಗಳಲ್ಲಿ ಮಧ್ಯದ್ದು ಮಾತ್ರ ಕ್ರಾಸ್-ಟೈಪ್, ಅಂದರೆ ಅಡ್ಡಗೆರೆ, ಉದ್ದಗೆರೆ ಎರಡನ್ನೂ ಹಿಡಿಯುವಂಥದ್ದು. ಉಳಿದ ಎಂಟು ಒಂದೇ ದಿಕ್ಕಿನ ಗೆರೆ ಹುಡುಕುತ್ತವೆ. ಕಮ್ಮಿ ಬೆಳಕಿನಲ್ಲಿ ಅವು ಹಿಂದೆ ಮುಂದೆ ತಡಕಾಡುತ್ತವೆ, ಲೆನ್ಸು ಜುಯ್ ಜುಯ್ ಅನ್ನುತ್ತದೆ, ಅಷ್ಟರಲ್ಲಿ ಮೂರನೇ ಗಂಟೂ ಬಿದ್ದಿರುತ್ತದೆ. ಆದ್ದರಿಂದ ಎಲ್ಲರೂ ಮಧ್ಯದ ಪಾಯಿಂಟಲ್ಲಿ ಕಣ್ಣಿಗೆ ಫೋಕಸ್ ಮಾಡಿ, ಆಮೇಲೆ ಕ್ಯಾಮೆರಾ ಸರಿಸಿ ಫ್ರೇಮ್ ಮಾಡುತ್ತಾರೆ. ಎಫ್1.8ನಲ್ಲಿ ಹಾಗೆ ಸರಿಸಿದರೆ ಕಣ್ಣು ಬಿಟ್ಟು ಕಿವಿಯೋಲೆ ಶಾರ್ಪ್ ಆಗಿರುತ್ತದೆ. 90ಡಿಯಲ್ಲಿ 45 ಪಾಯಿಂಟ್, ಎಲ್ಲವೂ ಕ್ರಾಸ್-ಟೈಪ್. ಕಣ್ಣಿನ ಮೇಲಿರುವ ಪಾಯಿಂಟನ್ನೇ ಆರಿಸಬಹುದು.

ಇನ್ನೊಂದು, ಎಲ್‌ಇಡಿ. ಈಗಿನ ಛತ್ರಗಳಲ್ಲಿ ಸ್ಟೇಜ್ ತುಂಬ ಎಲ್‌ಇಡಿ ಮಾಲೆ, ಪಟ್ಟಿ, ಪಾರ್ ಲೈಟು. ನಮ್ಮ ಕರೆಂಟು 50 ಹರ್ಟ್ಸ್, ಆದ್ದರಿಂದ ಅಗ್ಗದ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಕಣ್ಣಿಗೆ ಕಾಣಲ್ಲ, ಕ್ಯಾಮೆರಾಕ್ಕೆ ಕಾಣುತ್ತದೆ. ಷಟರ್ (ಬೆಳಕಿಗೆ ತೆರೆದು ಮುಚ್ಚುವ ಪರದೆ) ವೇಗ ಜಾಸ್ತಿ ಇಟ್ಟು ಒಂದೇ ಸಮ ಐದು ಕ್ಲಿಕ್ ಮಾಡಿದರೆ ಎರಡು ಬೆಳ್ಳಗೆ, ಎರಡು ಹಳದಿ, ಒಂದರಲ್ಲಿ ಕಪ್ಪು ಪಟ್ಟಿ. 90ಡಿ, ನಿಕಾನ್ ಡಿ7500 ಮಟ್ಟದ ಬಾಡಿಗಳಲ್ಲಿ ದೀಪ ಪೂರ್ತಿ ಉರಿಯುವ ಕ್ಷಣ ನೋಡಿಕೊಂಡು ಕ್ಲಿಕ್ ಮಾಡುವ ಆಂಟಿ-ಫ್ಲಿಕರ್ ಇದೆ. 1500ಡಿಯಲ್ಲಿ ಇಲ್ಲ. ಅದರಲ್ಲಿ ಷಟರನ್ನು 1/100 ಸೆಕೆಂಡಿಗೆ ಇಳಿಸಿ ಸುಧಾರಿಸಿಕೊಳ್ಳಬೇಕು. ಆಗ ಕೈ ಆಡಿಸಿದವರು ಮಸುಕಾಗುತ್ತಾರೆ.

ಆಮೇಲೆ ಕೈಗೆ ಸಿಗುವ ಗುಂಡಿಗಳು. 1500ಡಿಯಲ್ಲಿ ತಿರುಗಿಸುವ ಡಯಲ್ ಒಂದೇ. ಮ್ಯಾನುಯಲ್ ಮೋಡಿನಲ್ಲಿ ಅದು ಷಟರ್ ಬದಲಿಸುತ್ತದೆ. ಅಪರ್ಚರ್ ಬದಲಿಸಬೇಕಾದರೆ ಹಿಂದಿನ ಎವಿ ಗುಂಡಿಯನ್ನು ಹೆಬ್ಬೆರಳಿನಲ್ಲಿ ಒತ್ತಿ ಹಿಡಿದು, ತೋರುಬೆರಳಿನಲ್ಲಿ ಡಯಲ್ ತಿರುಗಿಸಬೇಕು. ಕಲಿಯುವಾಗ ಇದೇನೂ ತೊಂದರೆ ಅಲ್ಲ. ಛತ್ರದಲ್ಲಿ ಹಿಂದಿನಿಂದ ಯಾರೋ ತಳ್ಳುತ್ತಿರುವಾಗ ಸಿಟ್ಟು ಬರುತ್ತದೆ. 90ಡಿಯಲ್ಲಿ ಮುಂದೊಂದು, ಹಿಂದೊಂದು ಡಯಲ್. ವ್ಯೂ ಫೈಂಡರ್ (ಕಣ್ಣಿಟ್ಟು ನೋಡುವ ಕಿಂಡಿ) ಕೂಡ ಹಾಗೇ. 1500ಡಿ ಚಿತ್ರದ 100ಕ್ಕೆ 95 ಭಾಗ ಮಾತ್ರ ತೋರಿಸುತ್ತದೆ. ಅಂಚಿನಲ್ಲಿ ಯಾರದೋ ಚಪ್ಪಲಿ ಬಂದಿರುವುದು ಮನೆಗೆ ಹೋದ ಮೇಲೆ ಗೊತ್ತಾಗುತ್ತದೆ. 90ಡಿಯದು 100ಕ್ಕೆ 100, ಅದೂ ಗಾಜಿನ ಪ್ರಿಸಂ, ಬೆಳಕೂ ಜಾಸ್ತಿ.

ನಮ್ಮ ಊರಿನವರು ಗಮನಿಸಬೇಕಾದ್ದು ಧೂಳು. ಯಾವ ಕಂಪನಿಯ ಜಾಹೀರಾತಿನಲ್ಲೂ ದುರ್ಗದ ಗಾಳಿ ಇರುವುದಿಲ್ಲ. ಸುಮ್ನೆ ಹಾಕಿದ್ದಾರಾ ಆ ಗುಡ್ಡಗಳ ಮೇಲೆ ಅಷ್ಟೊಂದು ಗಾಳಿ ಫ್ಯಾನು? ಕೋಟೆಯ ಮೇಲೆ ಲೆನ್ಸು ಬದಲಿಸಿದರೆ ಸೆನ್ಸರಿಗೆ ಧೂಳು ಹೋಗೇ ಹೋಗುತ್ತದೆ. ಸುಗ್ಗಿಯಲ್ಲಿ ದಾವಣಗೆರೆ ಕಡೆ ರಸ್ತೆ ಮೇಲೆ ಮೆಕ್ಕೆಜೋಳ ಒಣಗಿಸುವಾಗ ಏಳುವ ಹೊಟ್ಟು ಇನ್ನೂ ಕೆಟ್ಟದ್ದು, ಅಂಟಿಕೊಂಡರೆ ಊದಿದರೂ ಹೋಗಲ್ಲ. 90ಡಿ, 80ಡಿ, 6ಡಿ ಇವುಗಳಲ್ಲಿ ಆನ್-ಆಫ್ ಮಾಡುವಾಗ ಸೆನ್ಸರ್ ಮುಂದಿನ ಗಾಜನ್ನು ಅದುರಿಸಿ ಧೂಳು ಕೊಡವುವ ವ್ಯವಸ್ಥೆ ಇದೆ, ಬಾಡಿಯ ಸಂದುಗಳಿಗೂ ತಕ್ಕಮಟ್ಟಿನ ತಡೆ ಇದೆ. 1500ಡಿಯಲ್ಲಿ ಎರಡೂ ಇಲ್ಲ. ಅದನ್ನು ತಗೊಂಡರೆ ಒಂದು ರಬ್ಬರ್ ಬ್ಲೋಯರ್ ಜೊತೆಗೇ ತಗೊಳ್ಳಿ. ಲೆನ್ಸು ಬದಲಿಸುವಾಗ ಕ್ಯಾಮೆರಾ ಬಾಯಿ ಕೆಳಗೆ ಇರಲಿ, ಗಾಳಿಗೆ ಬೆನ್ನು ಕೊಟ್ಟು ನಿಲ್ಲಿ. ಬಾಯಲ್ಲಿ ಊದಬೇಡಿ, ಎಂಜಲು ಹಾರುತ್ತದೆ. ಕರ್ಚೀಫಿನಲ್ಲಿ ಸೆನ್ಸರ್ ಒರೆಸಿಕೊಂಡು ಬಂದವರನ್ನೂ ನೋಡಿದ್ದೇನೆ. ಆ ಗೀರು ನಾನು ತೆಗೆಯಲಾರೆ.

ಹಾಗಂತ 1500ಡಿಯನ್ನು ಆಟದ ಸಾಮಾನು ಅನ್ನುವುದು ತಪ್ಪು. ಬ್ಯಾಟರಿ ಸೇರಿ ಅದರ ತೂಕ 475 ಗ್ರಾಂ, 90ಡಿ 701 ಗ್ರಾಂ. ಏಕನಾಥೇಶ್ವರಿ ಗುಡಿವರೆಗೆ ಹತ್ತುವಾಗ ಕಾಲು ಕೆಜಿ ವ್ಯತ್ಯಾಸ ಕತ್ತಿಗೆ ಗೊತ್ತಾಗುತ್ತದೆ. ಭಾರ ಅಂತ ಮನೆಯಲ್ಲೇ ಬಿಟ್ಟುಹೋದ ಕ್ಯಾಮೆರಾದಿಂದ ಏನು ಉಪಯೋಗ, ಅಲ್ವಾ? ಅಂಗಡಿಯವರ ಮಾತಿನಲ್ಲಿ ನನಗೆ ಒಪ್ಪಿಗೆ ಇಲ್ಲದ್ದು ಬೇರೆ. ಎರಡು ಲೆನ್ಸಿನ ಕಿಟ್ಟಿನಲ್ಲಿ ಎರಡೂ ಕಮ್ಮಿ ಬೆಳಕಿನ ಲೆನ್ಸುಗಳು. ಎರಡನೆಯದು, 55-250, ಬಿಸಿಲಿನಲ್ಲಿ ಚೆನ್ನಾಗಿದೆ. ಛತ್ರದೊಳಗೆ ಚೀಲದಲ್ಲೇ ಇರುತ್ತದೆ.

ಈಗ ತಮ್ಮನ 6ಡಿ. ಪಾಪ, ಅವರು ಒಳ್ಳೆ ಮನಸ್ಸಿಂದಲೇ ಹೇಳಿದ್ದಾರೆ. ಆದರೆ "ಫುಲ್ ಫ್ರೇಮು" ಅನ್ನುವ ಒಂದು ಮಾತಿಗೆ ಮರುಳಾಗಬೇಡಿ. 6ಡಿ ಬಂದಿದ್ದು 2012ರಲ್ಲಿ. ಸೆನ್ಸರ್ ಇವತ್ತಿಗೂ ಚೆನ್ನ, ಕತ್ತಲಲ್ಲಿ ಮಧ್ಯದ ಪಾಯಿಂಟೂ ಗಟ್ಟಿ. ಆದರೆ ಅದರ ಪಾಯಿಂಟ್ ಒಟ್ಟು 11, ಕ್ರಾಸ್-ಟೈಪ್ ಮಧ್ಯದ್ದು ಒಂದೇ. ಅಂದರೆ ಫೋಕಸ್ ವಿಷಯದಲ್ಲಿ ಅದು 90ಡಿಗಿಂತ 1500ಡಿಗೇ ಹತ್ತಿರ! ಸೆಕೆಂಡಿಗೆ 4.5 ಕ್ಲಿಕ್, 90ಡಿ 10. ಹಕ್ಕಿಗೆ ಇದು ಆಗಿಬರಲ್ಲ. ಜೊತೆಗೆ ಇಎಫ್-ಎಸ್, ಅಂದರೆ ಕ್ಯಾನನ್ ಸಣ್ಣ ಸೆನ್ಸರಿಗೆ ಅಂತಲೇ ಮಾಡಿದ, ಲೆನ್ಸುಗಳು ಇದಕ್ಕೆ ಕೂರುವುದೇ ಇಲ್ಲ. ಅಗ್ಗದ 18-55, 55-250, 10-18 ಎಲ್ಲ ಇಎಫ್-ಎಸ್. 6ಡಿಗೆ ಕೋಟೆ ತೆಗೆಯುವಂಥ ಅಗಲದ ಲೆನ್ಸು ಹುಡುಕಿದರೆ ಬಾಡಿಗಿಂತ ಜಾಸ್ತಿ ದುಡ್ಡು ಕೇಳುತ್ತಾರೆ. ಅಗ್ಗಕ್ಕೆ ಎಮ್ಮೆ ಸಿಕ್ಕಿತು ಅಂತ ಹೊಡ್ಕೊಂಡು ಬಂದು ಮೇವಿಗೆ ಮನೆ ಮಾರಿದ ಹಾಗೆ ಆಗುತ್ತದೆ.

ಮದುವೆಗೆ ದುಡಿದ ಬಾಡಿ ಅನ್ನೋದೂ ನೆನಪಿರಲಿ. 6ಡಿ ಷಟರಿಗೆ ಕಂಪನಿ ಹೇಳುವ ಆಯಸ್ಸು ಒಂದು ಲಕ್ಷ ಕ್ಲಿಕ್. ಈಗ ಒಂದು ಮದುವೆಗೆ ಎರಡು ಮೂರು ಸಾವಿರ ಕ್ಲಿಕ್ ಮಾಮೂಲಿ. 40 ಮದುವೆಗೆ ಲಕ್ಷ ಮುಟ್ಟುತ್ತದೆ. ಅಷ್ಟಕ್ಕೇ ನಿಂತುಹೋಗುತ್ತೆ ಅಂತ ಅಲ್ಲ, ಎರಡು ಲಕ್ಷ ದಾಟಿದವೂ ಬಂದಿವೆ, 60 ಸಾವಿರ ಕ್ಲಿಕ್ಕಿಗೇ ಕೆಟ್ಟವೂ ಬಂದಿವೆ. ಆದರೆ ರೇಟು ಮಾತಾಡುವಾಗ ಈ ಲೆಕ್ಕ ಬೇಕು. ನಿಕಾನ್ ಆದರೆ ಈಗ ತಾನೇ ತೆಗೆದ ಫೋಟೋ ಫೈಲಿನಲ್ಲೇ ಷಟರ್ ಕೌಂಟ್ ಬರೆದಿರುತ್ತದೆ. ಕ್ಯಾನನ್‌ನ ಜಾಸ್ತಿ ಬಾಡಿಗಳಲ್ಲಿ ಹಾಗೆ ಬರೆದಿರಲ್ಲ. ಕೇಬಲ್ ಹಾಕಿ ಸಾಫ್ಟ್‌ವೇರಿನಲ್ಲಿ ನೋಡಬೇಕು, ಇಲ್ಲವೇ ಸರ್ವಿಸ್‌ನವರಿಗೆ ತೋರಿಸಬೇಕು.

ನನ್ನ ಸಲಹೆ ಇಷ್ಟು. ಮೂರೂ ಆಸೆ ಇರುವ ನಿಮ್ಮಂಥವರಿಗೆ ಸೆಕೆಂಡ್ ಹ್ಯಾಂಡ್ 80ಡಿ ಸರಿ. 2016ರ ಮಾಡೆಲ್, 24.2 ಮೆಗಾಪಿಕ್ಸೆಲ್, 45 ಪಾಯಿಂಟ್ ಎಲ್ಲವೂ ಕ್ರಾಸ್-ಟೈಪ್, ಸೆಕೆಂಡಿಗೆ 7 ಕ್ಲಿಕ್, ಎರಡು ಡಯಲ್, ಆಂಟಿ-ಫ್ಲಿಕರ್, ಗಾಜಿನ ವ್ಯೂ ಫೈಂಡರ್. 90ಡಿಯ ಮುಖ್ಯ ಗುಣಗಳೆಲ್ಲ ಇದರಲ್ಲಿವೆ. ಸ್ಟುಡಿಯೋದವರೆಲ್ಲ ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ ಹೊಸ ಬಗೆಯ ಕ್ಯಾಮೆರಾ) ಕಡೆ ಹೋಗುತ್ತಿರುವುದರಿಂದ ಇಂಥ ಬಾಡಿಗಳು ಈಗ ಮಾರಾಟಕ್ಕೆ ಬೇಕಾದಷ್ಟು ಬರುತ್ತಿವೆ. ನಿಮ್ಮ ದುಡ್ಡಿನಲ್ಲಿ ಅರ್ಧಕ್ಕಿಂತ ಜಾಸ್ತಿ ಕ್ಯಾಮೆರಾ ಬಾಡಿ ಮೇಲೆ ಹಾಕಬೇಡಿ. ಉಳಿದದ್ದರಲ್ಲಿ 50 ಎಂಎಂ ಎಫ್1.8 ಮೊದಲು, ಕೋಟೆಗೆ 10-18 ಆಮೇಲೆ, ಅದಾದ ಮೇಲೆ 55-250ರ ಎಸ್‌ಟಿಎಂ (ಸದ್ದು ಕಮ್ಮಿ ಮಾಡುವ ಫೋಕಸ್ ಮೋಟರಿನ) ಲೆನ್ಸು. ಕ್ರಾಪ್ ಬಾಡಿಯಲ್ಲಿ 250 ಎಂಎಂ ಅಂದರೆ ಫುಲ್ ಫ್ರೇಮಿನ 400ರಷ್ಟು ಹತ್ತಿರ ಕಾಣುತ್ತದೆ. ಜೋಗಿಮಟ್ಟಿಯ ನವಿಲಿಗೆ ಸಾಕು. ಸೂಳೆಕೆರೆಯ ನಡುನೀರಿನ ಹಕ್ಕಿಗೆ ಸಾಲದು. ಆ ಕೆಲಸಕ್ಕೆ 150-600ರಂಥ ಲೆನ್ಸು ಬೇಕು, ಅದು ಈ 80 ಸಾವಿರದ ಮಾತಲ್ಲ. ಯಾವಾಗಲಾದರೂ ಎರಡು ದಿನಕ್ಕೆ ಬಾಡಿಗೆಗೆ ತಗೊಂಡು ನೋಡಿ, ಹಕ್ಕಿ ಹುಚ್ಚು ನಿಜವಾಗಿ ಹಿಡಿದಿದೆಯೋ ಇಲ್ಲವೋ ಗೊತ್ತಾಗುತ್ತದೆ.

ಸೆಕೆಂಡ್ ಹ್ಯಾಂಡ್ ಅಂದರೆ ಅಪಾಯ ಇದ್ದೇ ಇದೆ. ವಾರಂಟಿ ಇರಲ್ಲ. ನೋಡುವಾಗ ಲೆನ್ಸು ಎಫ್16ಕ್ಕೆ ಇಟ್ಟು ಬಿಳಿ ಗೋಡೆಯನ್ನೋ ಬರೀ ಆಕಾಶವನ್ನೋ ತೆಗೆಯಿರಿ. ದೊಡ್ಡದು ಮಾಡಿ ನೋಡಿದರೆ ಸೆನ್ಸರಿನ ಕಲೆಗಳು ಚುಕ್ಕಿ ಚುಕ್ಕಿಯಾಗಿ ಕಾಣುತ್ತವೆ. ಧೂಳಾದರೆ ಹೋಗುತ್ತದೆ, ಗೀರಾದರೆ ಇಲ್ಲ. ಫ್ಲಾಶ್ ಕೂರಿಸುವ ಜಾಗ ಅಲ್ಲಾಡುತ್ತಿದೆಯಾ ನೋಡಿ. ಮದುವೆ ಕ್ಯಾಮೆರಾಗಳಲ್ಲಿ ಮೊದಲು ಸಡಿಲ ಆಗುವುದು ಅದೇ. ಲೆನ್ಸಿನೊಳಗೆ ಮೊಬೈಲ್ ಟಾರ್ಚ್ ಬಿಟ್ಟು ಹಿಂದಿನಿಂದ ನೋಡಿ, ಜೇಡರ ಬಲೆ ತರಹ ಎಳೆ ಕಂಡರೆ ಫಂಗಸ್. ನಮ್ಮದು ಒಣ ಸೀಮೆ, ಇಲ್ಲೇ ಇದ್ದ ಲೆನ್ಸಿಗೆ ಅದು ಅಪರೂಪ. ತೀರ್ಥಹಳ್ಳಿ, ಸಾಗರದ ಕಡೆಯಿಂದ ಬಂದ ಲೆನ್ಸಾದರೆ ಎರಡು ಸಲ ನೋಡಿ. ಅಷ್ಟು ಮಳೆಯಲ್ಲಿ ಬೀರುವಿನಲ್ಲಿಟ್ಟರೆ ಹಿಡಿಯದೇ ಏನು ಮಾಡುತ್ತೆ. ಬಿಲ್ಲು, ಚಾರ್ಜರು, ಕಂಪನಿ ಬ್ಯಾಟರಿ ಮೂರೂ ಕೇಳಿ. ಬಿಲ್ಲು ಇಲ್ಲದ ಮಾಲು ಎಷ್ಟೇ ಅಗ್ಗ ಇರಲಿ, ಬೇಡ.

ಇಷ್ಟೆಲ್ಲ ತಲೆನೋವು ಬೇಡ, ಹೊಸದೇ ಬೇಕು ಅನ್ನಿಸಿದರೆ 200ಡಿ ಮಾರ್ಕ್ 2ಕ್ಕೆ 50 ಎಂಎಂ ಸೇರಿಸಿ ತಗೊಳ್ಳಿ. ಸ್ಕ್ರೀನ್ ನೋಡಿಕೊಂಡು ತೆಗೆಯುವಾಗ ಅದರ ಫೋಕಸ್ ತುಂಬ ಚೆನ್ನಾಗಿದೆ, ಫೋನಿನಿಂದ ಬಂದವರಿಗೆ ಒಗ್ಗುತ್ತದೆ. ಆದರೆ ಒಂದು ಎಚ್ಚರಿಕೆ. ಅದರ ಫ್ಲಾಶ್ ಶೂನಲ್ಲಿ (ಫ್ಲಾಶ್ ಕೂರಿಸುವ ಜಾಗ) ಫ್ಲಾಶಿಗೆ ಉರಿಯಲು ಸೂಚನೆ ಕೊಡುವ ಮಧ್ಯದ ಸಿಂಕ್ ಪಿನ್ ಇಲ್ಲ. ನಿಮ್ಮ ತಮ್ಮನ ಹತ್ತಿರ ಇರುವ ಸಾದಾ ಟ್ರಿಗ್ಗರು, ಹಳೇ ಮ್ಯಾನುಯಲ್ ಫ್ಲಾಶು ಅದರಲ್ಲಿ ಉರಿಯಲ್ಲ. ಮೂರು ಜನ ಇದೇ ದೂರು ಹೊತ್ತುಕೊಂಡು, ಕ್ಯಾಮೆರಾ ಕೆಟ್ಟಿದೆ ಅಂತ ನನ್ನ ಹತ್ತಿರ ಬಂದಿದ್ದರು.

ಡಿಎಸ್‌ಎಲ್‌ಆರ್ ತಗೊಳ್ಳೋದೇ ಈಗ ದಡ್ಡತನ ಅಂತ ಯಾರಾದರೂ ಹೇಳಬಹುದು. 2020ರ ಆಮೇಲೆ ಕ್ಯಾನನ್ ಆಗಲಿ ನಿಕಾನ್ ಆಗಲಿ ಹೊಸ ಡಿಎಸ್‌ಎಲ್‌ಆರ್ ತಂದಿಲ್ಲ, ಅದು ನಿಜ. ನಾಳೆ ನೀವೂ ಮಿರರ್‌ಲೆಸ್‌ಗೆ ಹೋಗಬಹುದು. ಕ್ಯಾನನ್‌ನಲ್ಲಿ ಇವೇ ಇಎಫ್, ಇಎಫ್-ಎಸ್ ಲೆನ್ಸುಗಳು ಒಂದು ಅಡಾಪ್ಟರ್ ಹಾಕಿದರೆ ಹೊಸ ಆರ್ ಬಾಡಿಗಳ ಮೇಲೂ ಆಟೋಫೋಕಸ್ ಸಮೇತ ನಡೆಯುತ್ತವೆ. ದುಡ್ಡು ಲೆನ್ಸಿಗೆ ಹಾಕಿ ಅಂದಿದ್ದಕ್ಕೆ ಇದೂ ಒಂದು ಕಾರಣ. ನಿಕಾನ್ ನೋಡುವವರು ಮಾತ್ರ ಹುಷಾರು: ಡಿ3500, ಡಿ5600 ಬಾಡಿಗಳಲ್ಲಿ ಫೋಕಸ್ ಮೋಟರ್ ಇಲ್ಲ, ಅಗ್ಗಕ್ಕೆ ಸಿಗುವ ಹಳೇ 50 ಎಂಎಂ ಎಫ್1.8ಡಿ ಅವುಗಳ ಮೇಲೆ ಆಟೋಫೋಕಸ್ ಆಗುವುದಿಲ್ಲ.

ಮನೆಯವರ ಮಾತಿಗೂ ಒಂದು ಉತ್ತರ. ಹಗಲು ಬೆಳಕಿನಲ್ಲಿ, ಹತ್ತಿರದ ವಸ್ತುವಿಗೆ, ಫೋನಿನಲ್ಲೇ ನೋಡೋದಕ್ಕೆ ಫೋನ್ ಸಾಕು, ಅವರು ಹೇಳಿದ್ದು ಸರಿ. ದೂರದ ನವಿಲು, ಆಲ್ಬಂ ಸೈಜಿನ ಪ್ರಿಂಟು ಅಂದಾಗ ಸಾಲದು. ಫೋನಿನ ಫೋಟೋ, ಕ್ಯಾಮೆರಾದ ಫೋಟೋ ಎರಡನ್ನೂ 12×18 ಪ್ರಿಂಟ್ ಹಾಕಿಸಿ ತೋರಿಸಿ, ವಾದ ಬೇಡ.

ಕೊನೆಯದಾಗಿ ದುಡ್ಡಿಗೆ ಕಾರ್ಯಕ್ರಮ ತೆಗೆಯುವ ವಿಷಯ. ನಾಮಕರಣ, ಹುಟ್ಟುಹಬ್ಬ, ಕಾಲೇಜಿನ ವಾರ್ಷಿಕೋತ್ಸವ 80ಡಿಯಲ್ಲಿ ಧೈರ್ಯವಾಗಿ ಒಪ್ಪಿಕೊಳ್ಳಿ. ಮದುವೆ ಒಬ್ಬರೇ ಒಪ್ಪಿಕೊಳ್ಳಬೇಡಿ. 80ಡಿ, 90ಡಿ, 6ಡಿ ಮೂರರಲ್ಲೂ ಮೆಮೊರಿ ಕಾರ್ಡ್ ಹಾಕುವ ಜಾಗ ಒಂದೇ. ಕಾರ್ಡ್ ಕೈಕೊಟ್ಟರೆ ಧಾರೆ ಮತ್ತೆ ಮಾಡಿಸಲು ಆಗಲ್ಲ. ಎರಡು ಕಾರ್ಡಿಗೆ ಒಟ್ಟಿಗೇ ಬರೆಯುವ 5ಡಿ ಮಾರ್ಕ್ 3, ನಿಕಾನ್ ಡಿ750 ತರಹದ ಬಾಡಿ ಅಂಥ ದಿನ ಬಾಡಿಗೆಗೆ ತನ್ನಿ. ಇಲ್ಲವೇ ಮೊದಲ ಕೆಲವು ಮದುವೆಗೆ ತಮ್ಮನ ಜೊತೆ ಎರಡನೇ ಕ್ಯಾಮೆರಾ ಆಗಿ ಹೋಗಿ. ಅವರ 6ಡಿಯನ್ನೂ ಆವತ್ತೇ ಕೈಯಲ್ಲಿ ಹಿಡಿದು ನೋಡಬಹುದು.